ಒಂದೇ ಬಾಗಿಲು, ಐದು ಸಿನಿಮಾ

ತೀರ್ಥಹಳ್ಳಿ ಕಡೆಯ ಒಂದು ಹಳೇ ಹೆಂಚಿನ ಮನೆ. ಪುಷ್ಯ ಮಳೆ ಹೊಯ್ಯುತ್ತಿದೆ. ಒಬ್ಬ ಹುಡುಗ ದಣಪೆ (ಬೇಲಿಯ ಗಳದ ಗೇಟು) ದಾಟಿ ಅಂಗಳಕ್ಕೆ ಬರುತ್ತಾನೆ. ಕೊಡೆ ಮಡಚಿ, ಜಗಲಿ ಹತ್ತಿ ಬಾಗಿಲು ತಟ್ಟುತ್ತಾನೆ. ಒಳಗಿಂದ ವಯಸ್ಸಾದ ಹೆಂಗಸೊಬ್ಬರು, ದೊಡ್ಡಮ್ಮ ಅನ್ನೋಣ, ಬಂದು ಬಾಗಿಲು ತೆಗೆಯುತ್ತಾರೆ. ಕಥೆ ಇಷ್ಟೇ.

ಇದು ಯಾವ ಥರದ ಸಿನಿಮಾ? ಹಾರರ್ರಾ, ಕಾಮಿಡಿಯಾ, ಲವ್ ಸ್ಟೋರಿಯಾ? ಕಥೆ ಕೇಳಿದರೆ ಗೊತ್ತಾಗುವುದಿಲ್ಲ. ಕ್ಯಾಮೆರಾ ಎಲ್ಲಿಟ್ಟಿರಿ, ಬೆಳಕು ಯಾವ ಕಡೆಯಿಂದ ಬಂತು, ಶಾಟನ್ನು ಎಷ್ಟು ಹೊತ್ತು ಬಿಟ್ಟಿರಿ, ಹಿಂದೆ ಯಾವ ಸದ್ದಿತ್ತು ಅನ್ನುವುದರ ಮೇಲೆ ಅದು ನಿಂತಿದೆ.

ಶಿವಮೊಗ್ಗದಲ್ಲಿ ರಜಾದಿನಗಳಲ್ಲಿ ಕಾಲೇಜು ಹುಡುಗರಿಗೆ ಕಿರುಚಿತ್ರ ಮಾಡುವುದನ್ನು ಹೇಳಿಕೊಡುತ್ತೇನೆ. ಮೊದಲ ದಿನ "ಏನು ಮಾಡ್ತೀರಿ?" ಎಂದರೆ ಮುಕ್ಕಾಲು ಜನ "ಹಾರರ್ ಸಾರ್" ಅನ್ನುತ್ತಾರೆ. ಮುಂದಿನ ವಾರ ಬಿಳಿ ಸೀರೆ, ಗೆಜ್ಜೆ, ಒಂದು ಡಬ್ಬಿ ಪೌಡರ್ ಹಿಡಿದುಕೊಂಡು ಬರುತ್ತಾರೆ. ಸಾಮಾನು ತಂದ ಮಾತ್ರಕ್ಕೆ ಹೆದರಿಕೆ ಬರಲ್ಲ. ಹಾಗಾಗಿ ಈಗ ಕಥೆ ಕೇಳುವುದನ್ನೇ ಬಿಟ್ಟಿದ್ದೇನೆ. ಎಲ್ಲರಿಗೂ ಇದೇ ಬಾಗಿಲು ಕೊಡುತ್ತೇನೆ. ಒಂದು ನಿಮಿಷ, ಮಾತಿಲ್ಲ, ಐದು ಸಲ ಐದು ಥರ ಶೂಟ್ ಮಾಡಿಕೊಂಡು ಬನ್ನಿ ಅನ್ನುತ್ತೇನೆ. ನೀವೂ ಮಾಡಬಹುದು. ಒಂದು ಫೋನು, ಇಬ್ಬರು ನಟರು, ಒಂದು ಮನೆ ಸಾಕು.

ಮೊದಲು ಫೋನಿನ ಬುದ್ಧಿವಂತಿಕೆ ಆಫ್ ಮಾಡಿ

ಫೋನ್ ತಾನೇ ಎಲ್ಲ ಸರಿ ಮಾಡಲು ಹೋಗುತ್ತದೆ. ಅದೇ ತೊಂದರೆ. ಮೋಡ ಸರಿದರೆ ಬಣ್ಣ ಬದಲಿಸುತ್ತದೆ. ಬಿಳಿ ಪಂಚೆ ಉಟ್ಟವರು ಯಾರಾದರೂ ಅಡ್ಡ ಬಂದರೆ ಇಡೀ ಚಿತ್ರವನ್ನು ಕಪ್ಪು ಮಾಡುತ್ತದೆ. ಕ್ಯಾಮೆರಾದಲ್ಲಿ ‘ಪ್ರೊ’ ಮೋಡ್ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಪರದೆಯ ಮೇಲೆ ನಟನ ಮುಖ ಇರುವ ಜಾಗವನ್ನು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಫೋಕಸ್ ಮತ್ತು ಬೆಳಕು ಎರಡೂ ಲಾಕ್ ಆಗುತ್ತವೆ.

ಸೆಕೆಂಡಿಗೆ 24 ಅಥವಾ 25 ಫ್ರೇಮ್ ಇಟ್ಟುಕೊಳ್ಳಿ. ಶಟರ್ 1/50, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು ಸೆಕೆಂಡಿನ ಐವತ್ತನೇ ಒಂದು ಭಾಗ. ಈ 1/50ರ ಪಾಠ ನಾನು ಕಲಿತದ್ದು ಕೈಸುಟ್ಟುಕೊಂಡು. ನನ್ನ ಮೊದಲ ಕಿರುಚಿತ್ರದ ಅಡುಗೆಮನೆ ಸೀನು ಪೂರ್ತಿ ಹಾಳಾಯಿತು. ಮೇಲೊಂದು ಹಳೇ ಚೋಕ್ ಇದ್ದ ಟ್ಯೂಬ್‌ಲೈಟ್, ಶಟರ್ 1/60ಕ್ಕೆ ಇತ್ತು. ಕಂಪ್ಯೂಟರಿಗೆ ಹಾಕಿ ನೋಡಿದರೆ ಗೋಡೆ ಮೇಲೆ ಕಪ್ಪು ಪಟ್ಟಿಗಳು ನಿಧಾನಕ್ಕೆ ಜಾರುತ್ತಿವೆ. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್. ಅಂಥ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತದೆ. ಶಟರ್ 1/50 ಅಥವಾ 1/100 ಇದ್ದರೆ ಆ ಮಿನುಗಿನ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ, ಪಟ್ಟಿ ಬರಲ್ಲ. ಅಗ್ಗದ ಎಲ್‌ಇಡಿ ಬಲ್ಬುಗಳೂ ಇದೇ ಕಾಟ ಕೊಡುತ್ತವೆ.

ಬಿಸಿಲಲ್ಲಿ 1/50 ಇಟ್ಟರೆ ಚಿತ್ರ ಬಿಳಿಚಿಕೊಳ್ಳುತ್ತದೆ. ಹೆಚ್ಚಿನ ಫೋನುಗಳ ಲೆನ್ಸ್ ಬಾಯಿ ಚಿಕ್ಕದು ಮಾಡಲು ಬರಲ್ಲ. ಆಗ ಎನ್‌ಡಿ ಫಿಲ್ಟರ್ (ಬೆಳಕು ಕಮ್ಮಿ ಮಾಡುವ ಕಪ್ಪು ಗಾಜು) ಕ್ಲಿಪ್ ಹಾಕಬೇಕು, ಅಥವಾ ಶಟರ್ ವೇಗ ಜಾಸ್ತಿ ಮಾಡಿಕೊಳ್ಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಬೆಳಕು ಹೇಗೂ ಕಮ್ಮಿ, ಈ ಸಮಸ್ಯೆ ಅಷ್ಟಾಗಿ ಬರಲ್ಲ.

ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ, ಒಂದು ಸಂಖ್ಯೆಗೆ ನಿಲ್ಲಿಸಿ. ಬಿಸಿಲಿಗೆ 5600 ಕೆಲ್ವಿನ್ ಆಸುಪಾಸು, ಮೋಡಕ್ಕೆ 6500, ಹಳದಿ ಬಲ್ಬಿಗೆ 3000 ಹತ್ತಿರ. ಡಿಜಿಟಲ್ ಜೂಮ್ ಬೇಡ. 4ಕೆ ಬೇಡ, 1080 ಸಾಕು. 4ಕೆಯಲ್ಲಿ ನಾಲ್ಕು ಪಟ್ಟು ಪಿಕ್ಸೆಲ್ ಇರುತ್ತದೆ, ಮಧ್ಯಾಹ್ನದೊಳಗೆ ಫೋನ್ ತುಂಬಿಹೋಗುತ್ತದೆ. ಆಮೇಲೆ ಏರೋಪ್ಲೇನ್ ಮೋಡ್. ಇದನ್ನು ಮರೆತ ಒಬ್ಬ ಹುಡುಗನ ಅತ್ಯುತ್ತಮ ಟೇಕ್ ನಡುವೆ ಅವರಮ್ಮ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಿದ್ದಾರೆ.

ಎಲ್ಲಿಂದ ನೋಡುತ್ತೀರಿ

ಶಾಟ್‌ಗಳ ಹೆಸರು ನಿಮಗೆ ಗೊತ್ತಿರಬಹುದು. ಇಡೀ ಆಳು ಮತ್ತು ಸುತ್ತಲ ಜಾಗ ಕಂಡರೆ ಲಾಂಗ್ ಶಾಟ್, ಸೊಂಟದಿಂದ ಮೇಲೆ ಮಿಡ್ ಶಾಟ್, ಮುಖ ಮಾತ್ರ ಆದರೆ ಕ್ಲೋಸ್‌ಅಪ್. ತೊಡೆಯ ಮಧ್ಯದಿಂದ ಮೇಲೆ ತೋರಿಸುವುದಕ್ಕೆ ಕೌಬಾಯ್ ಶಾಟ್ ಅನ್ನುತ್ತಾರೆ. ವೆಸ್ಟರ್ನ್ ಚಿತ್ರಗಳಲ್ಲಿ ಸೊಂಟದ ಪಿಸ್ತೂಲು ಚೌಕಟ್ಟಿನೊಳಗೆ ಇರಬೇಕಿತ್ತು, ಅದಕ್ಕೆ. ನಮ್ಮಲ್ಲಿ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೊರಟವರನ್ನು ಹೀಗೆ ಹಿಡಿದು ನೋಡಿ. ಅಡಿಕೆ ತೋಟದ ಬದುವಿನ ಮೇಲೂ ಒಂದು ವೆಸ್ಟರ್ನ್ ಶುರುವಾಗುತ್ತದೆ.

ಚೌಕಟ್ಟು ಏನನ್ನು ಬಿಡುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಆರ್.ಕೆ. ನಾರಾಯಣರು ಕಲ್ಪಿಸಿದ ಊರನ್ನು ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಚಿತ್ರಿಸಿದ್ದು ಆಗುಂಬೆಯಲ್ಲಿ. ಆಗುಂಬೆಯ ಘಟ್ಟ, ಕಾಡು ಪಕ್ಕದಲ್ಲೇ ಇತ್ತು. ಆದರೆ ನೋಡಿದವರಿಗೆ ಅದು ಮಾಲ್ಗುಡಿಯೇ. ನಿಮ್ಮ ಹಳೇ ಮನೆಯ ಪಕ್ಕ ಮೊಬೈಲ್ ಟವರ್ ಇದ್ದರೆ ಗಾಬರಿ ಬೇಡ, ಎರಡು ಹೆಜ್ಜೆ ಎಡಕ್ಕೆ ಸರಿದರೆ ಆಯಿತು.

ಇನ್ನು 180 ಡಿಗ್ರಿ ನಿಯಮ. ಬಾಗಿಲಲ್ಲಿ ನಿಂತ ಹುಡುಗನಿಂದ ಒಳಗಿನ ದೊಡ್ಡಮ್ಮನವರೆಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿರಲಿ. ಆಗ ಹುಡುಗ ಬಲಕ್ಕೆ ನೋಡುತ್ತಾನೆ, ದೊಡ್ಡಮ್ಮ ಎಡಕ್ಕೆ. ಇಬ್ಬರೂ ಎದುರುಬದುರು ಇದ್ದಾರೆ ಅಂತ ನೋಡುವವರಿಗೆ ಅನಿಸುತ್ತದೆ. ಗೆರೆ ದಾಟಿದರೆ ಇಬ್ಬರೂ ಒಂದೇ ಕಡೆ ನೋಡುತ್ತಾರೆ, ಮೂರನೆಯವರು ಯಾರೋ ಬಂದಿದ್ದಾರೆ ಅನಿಸುತ್ತದೆ. ಬಸ್ಸಿನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ರಸ್ತೆಯ ಈ ಬದಿಯಿಂದ ಒಂದು ಶಾಟ್, ಆ ಬದಿಯಿಂದ ಇನ್ನೊಂದು ತೆಗೆಯಿರಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸು ಏನೋ ಮರೆತು ವಾಪಸ್ ಬಂದಂತೆ ಕಾಣುತ್ತದೆ.

ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಕ್ಯಾಮೆರಾ ಕನಿಷ್ಠ 30 ಡಿಗ್ರಿ ಸರಿದಿರಲಿ, ಇಲ್ಲವೇ ಶಾಟ್ ಸೈಜ್ ಸ್ಪಷ್ಟವಾಗಿ ಬದಲಾಗಿರಲಿ. ಸ್ವಲ್ಪವೇ ಸರಿಸಿದರೆ ಚಿತ್ರ ಕುಪ್ಪಳಿಸಿದ ಹಾಗೆ ಕಾಣುತ್ತದೆ.

ಒಂದನೇ ಸಲ: ಹೆದರಿಸಿ

ಹಾರರ್‌ನಲ್ಲಿ ಹೆದರಿಸುವುದು ಖಾಲಿ ಜಾಗ. ಹುಡುಗನನ್ನು ಚೌಕಟ್ಟಿನ ಒಂದು ಅಂಚಿಗೆ ತಳ್ಳಿ. ಉಳಿದ ಮುಕ್ಕಾಲು ಭಾಗ ಕತ್ತಲ ನಡುಮನೆಯೋ, ಅರೆ ತೆರೆದ ಬಾಗಿಲೋ ಇರಲಿ. ಅಲ್ಲಿ ಏನೂ ಇಲ್ಲ. ಆದರೂ ನೋಡುವವರು ಅಲ್ಲೇ ನೋಡುತ್ತಾರೆ. ನನಗೆ ಕೆಲಸ ಮಾಡಿದ ಇನ್ನೊಂದು ಉಪಾಯ, ಕ್ಯಾಮೆರಾವನ್ನು ಮನೆಯೊಳಗಿಟ್ಟು ದಳಿಯ (ಜಗಲಿಯ ಮರದ ಸರಳುಗಳ) ಸಂದಿಯಿಂದ ಹೊರಗಿನ ಹುಡುಗನನ್ನು ನೋಡುವುದು. ನಿಧಾನಕ್ಕೆ, ತೀರಾ ನಿಧಾನಕ್ಕೆ ಮುಂದೆ ಸರಿಯಿರಿ. ಹಾಗಾದರೆ ಒಳಗಿಂದ ನೋಡುತ್ತಿರುವವರು ಯಾರು? ಉತ್ತರ ಕೊಡಬೇಡಿ.

ಸದ್ದು ಕೂಡ ಹಾಗೇ. ಧಡಕ್ಕಂತ ಸಂಗೀತ ಹಾಕಿದರೆ ಮೈ ಜುಮ್ಮೆನ್ನುತ್ತದೆ, ಹೆದರಿಕೆ ಆಗಲ್ಲ. ಕಿರಿಚುತ್ತಿದ್ದ ಜೀರುಂಡೆ ಒಮ್ಮೆಲೇ ನಿಂತರೆ ಆಗುತ್ತದೆ. ಮಲೆನಾಡಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ.

ನಡುರಾತ್ರಿ ಶೂಟ್ ಮಾಡಲು ಹೋಗಬೇಡಿ. ಕತ್ತಲಲ್ಲಿ ಫೋನ್ ಐಎಸ್‌ಒ (ಬೆಳಕು ಗ್ರಹಿಸುವ ಸೂಕ್ಷ್ಮತೆ) ಏರಿಸುತ್ತದೆ, ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ರಾತ್ರಿ ಸೀನನ್ನು ಹೊತ್ತು ಮುಳುಗಿದ ಮೇಲಿನ ಇಪ್ಪತ್ತು ನಿಮಿಷದಲ್ಲಿ ಮುಗಿಸಿ. ಇಲ್ಲವೇ ಮೋಡ ಕವಿದ ಮಧ್ಯಾಹ್ನದಲ್ಲೇ ತೆಗೆಯಿರಿ. ವೈಟ್ ಬ್ಯಾಲೆನ್ಸ್ 3200ಕ್ಕೆ ಇಳಿಸಿ, ಎಲ್ಲ ನೀಲಿಯಾಗುತ್ತದೆ. ಎಕ್ಸ್‌ಪೋಷರ್ ಕಮ್ಮಿ ಮಾಡಿ. ಆಕಾಶ ಮಾತ್ರ ಚೌಕಟ್ಟಿಗೆ ಬರದ ಹಾಗೆ ನೋಡಿಕೊಳ್ಳಿ, ಬಂದರೆ ಗುಟ್ಟು ರಟ್ಟು. ಕಿಟಕಿಯಲ್ಲಿ ಒಂದು ಹಳದಿ ಬಲ್ಬು ಉರಿಯಲಿ. ಸುತ್ತಲ ನೀಲಿಯ ನಡುವೆ ಅದು ಬೆಚ್ಚಗೆ ಕಾಣುತ್ತದೆ, ಯಾರೂ ಇದು ಮಧ್ಯಾಹ್ನ ಮೂರು ಗಂಟೆ ಅನ್ನಲ್ಲ.

ಎರಡನೇ ಸಲ: ನಗಿಸಿ

ಎಲ್ಲದರ ಉಲ್ಟಾ ಮಾಡಿ. ಬೆಳಕು ಎಲ್ಲೆಡೆ ಸಮ. ಕ್ಯಾಮೆರಾ ಎದುರಿಗೆ, ಅಂಗಳದ ಮಧ್ಯೆ, ಅಲ್ಲಾಡದೆ ನಿಂತಿರಲಿ. ನಟನ ತಲೆಯಿಂದ ಕಾಲಿನವರೆಗೆ ಕಾಣಬೇಕು, ಯಾಕೆಂದರೆ ನಗು ಬರುವುದು ಮೈಯಿಂದ. ಕೊಡೆ ಮಡಚಲು ಬರದೆ ಹುಡುಗ ಒದ್ದಾಡುವುದು, ಮಡಚಿದ ಮೇಲೆ ಸೂರಿನ ನೀರು ಸೀದಾ ಕುತ್ತಿಗೆಗೆ ಬೀಳುವುದು, ಅವನು ತಟ್ಟಲು ಕೈ ಎತ್ತಿದ ಕ್ಷಣಕ್ಕೆ ಬಾಗಿಲು ತೆರೆದು ದೊಡ್ಡಮ್ಮನ ಹಣೆಯ ಮುಂದೆ ಕೈ ನಿಲ್ಲುವುದು. ಇದೆಲ್ಲ ಒಂದೇ ಶಾಟ್‌ನಲ್ಲಿ ನಡೆದರೆ ನಗು. ತುಂಡು ತುಂಡು ಮಾಡಿ ಮುಖಕ್ಕೆ ಹೋದರೆ ಹುಡುಗನ ಮೇಲೆ ಅಯ್ಯೋ ಪಾಪ ಅನಿಸುತ್ತದೆ, ನಗು ಬರಲ್ಲ.

ಮೂರನೇ ಸಲ: ಅನುಮಾನ ಹುಟ್ಟಿಸಿ

ಅಮೆರಿಕದಲ್ಲಿ 1940ರ ದಶಕದಲ್ಲಿ ಬಂದ ಕಪ್ಪುಬಿಳುಪು ಕ್ರೈಂ ಚಿತ್ರಗಳಿಗೆ ನೋಯರ್ ಅನ್ನುತ್ತಾರೆ. ಆ ನೆರಳಿನ ಬೇರು ಜರ್ಮನಿಯಲ್ಲಿದೆ. 1920ರಲ್ಲಿ ಬಂದ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ ಚಿತ್ರದಲ್ಲಿ ನೆರಳನ್ನು ಬಣ್ಣ ಹಚ್ಚಿ ಸೆಟ್ಟಿನ ಮೇಲೇ ಬರೆದಿದ್ದರು. ಅಲ್ಲಿನ ಹಲವರು ಆಮೇಲೆ ಹಾಲಿವುಡ್‌ಗೆ ಹೋದರು. ಕಿಟಕಿ ಪಟ್ಟಿಗಳ ನೆರಳು ಮುಖದ ಮೇಲೆ ಬೀಳುವುದು, ಒದ್ದೆ ರಸ್ತೆಯಲ್ಲಿ ದೀಪ ಹೊಳೆಯುವುದು ಈ ಚಿತ್ರಗಳ ಗುರುತು. ರಸ್ತೆ ಹೊಳೆಯಲಿ ಅಂತ ಅವರು ನೀರು ಹೊಡೆಸುತ್ತಿದ್ದರು. ನಮಗೆ ಶಿವಮೊಗ್ಗದ ಗಾಂಧಿ ಬಜಾರಿನ ಓಣಿಗಳಲ್ಲಿ ಆಷಾಢದ ಸಂಜೆ ಅದು ಪುಕ್ಕಟೆ ಸಿಗುತ್ತದೆ.

ಕಿಟಕಿ ಪಟ್ಟಿಗೂ ಪರದಾಡಬೇಕಿಲ್ಲ. ಹಳೇ ಮನೆಯ ಜಗಲಿಯ ದಳಿ ಇದೆಯಲ್ಲ, ಮರದ ಉದ್ದುದ್ದ ಸರಳು, ಅದಕ್ಕಿಂತ ಒಳ್ಳೆಯದು ಬೇರೆ ಬೇಕಾ? ಒಳಗಿನ ದೀಪ ಎಲ್ಲ ಆರಿಸಿ. ಒಬ್ಬರನ್ನು ಎರಡನೇ ಫೋನಿನ ಟಾರ್ಚ್ ಹಿಡಿದು ದಳಿಯ ಹೊರಗೆ ಆರೇಳು ಅಡಿ ದೂರ ನಿಲ್ಲಿಸಿ. ನಟ ಒಳಗೆ ದಳಿಗೆ ಹತ್ತಿರ ನಿಲ್ಲಲಿ. ಮುಖದ ಮೇಲೆ ಪಟ್ಟೆಪಟ್ಟೆ ನೆರಳು ಬೀಳುತ್ತದೆ. ಬೆಳಕಿನ ಮೂಲ ಚಿಕ್ಕದಾಗಿ ದೂರ ಇದ್ದಷ್ಟೂ ನೆರಳು ಚೂಪು. ಮೆತ್ತಗೆ ಬೇಕಿದ್ದರೆ ಟಾರ್ಚ್ ಮುಂದೆ ಒಂದು ಬಿಳಿ ಪಂಚೆ ಹಿಡಿಯಿರಿ, ಆಗ ಪಂಚೆಯೇ ದೊಡ್ಡ ದೀಪವಾಗುತ್ತದೆ.

ಈ ಟಾರ್ಚ್ ಪ್ರಯೋಗ ನಾವು ಮಾಡಿದಾಗ ಮನೆಯ ಯಜಮಾನಿ ಒಳಗಿಂದ ಕೂಗಿದ್ದರು: "ಎಂಥಕ್ಕೆ ಮಾರಾಯಾ ಅಷ್ಟು ಸಲ ಬಾಗಿಲು ತಟ್ಟದು? ಒಂದ್ಸಲ ತಟ್ಟಿದ್ರೆ ನಂಗೆ ಕೇಳ್ತದೆ." ಆಗ ಹದಿಮೂರನೇ ಟೇಕ್ ನಡೀತಿತ್ತು. "ಇನ್ನೊಂದೇ ಸಲ ದೊಡ್ಡಮ್ಮ" ಅಂದೆವು. ಸುಳ್ಳು. ಆಮೇಲೂ ನಾಲ್ಕು ಆಯಿತು.

ನಾಲ್ಕನೇ ಸಲ: ಪ್ರೀತಿ

ಈಗ ಬಾಗಿಲು ತೆಗೆಯುವವಳು ದೊಡ್ಡಮ್ಮನ ಮೊಮ್ಮಗಳು. ಬೆಳಕು ಹಿಂದಿನಿಂದ ಬರಲಿ, ಕೂದಲ ಅಂಚು ಹೊಳೆಯಲಿ. ಬಣ್ಣ ಬೆಚ್ಚಗಿರಲಿ. ಹಿನ್ನೆಲೆ ಮಸುಕಾಗಿರಲಿ. ಫೋನಿನ ಪೋರ್ಟ್ರೇಟ್ ಮೋಡ್ ಕೂದಲನ್ನು ಕತ್ತರಿ ಹಾಕಿದ ಹಾಗೆ ಕತ್ತರಿಸುತ್ತದೆ, ನಂಬಬೇಡಿ. ನಿಮ್ಮ ಫೋನಲ್ಲಿ ನಿಜವಾದ ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತರುವುದು) ಇದ್ದರೆ ಹಿಂದೆ ಸರಿದು ಅದರಿಂದ ತೆಗೆಯಿರಿ, ಹಿನ್ನೆಲೆ ನಟರಿಂದ ದೂರ ಇರುವ ಕಡೆ ನಿಲ್ಲಿಸಿ. ಅಗಲ ಲೆನ್ಸ್ ಹಿಡಿದು ಮುಖದ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ. ಕಾಮಿಡಿಗೆ ಪರವಾಗಿಲ್ಲ, ಇಲ್ಲಿ ಬೇಡ.

ಮಳೆ ಇಲ್ಲದ ಲವ್ ಸೀನನ್ನು ಮಲೆನಾಡಿನ ಹುಡುಗರು ತೆಗೆದದ್ದು ನಾನು ನೋಡಿಲ್ಲ. ಆದರೆ ಮಳೆಯನ್ನು ಹಿಡಿಯಲು ಹೆಚ್ಚಿನವರಿಗೆ ಬರಲ್ಲ. ಧೋ ಅಂತ ಸುರಿಯುತ್ತಿರುತ್ತದೆ, ಚಿತ್ರದಲ್ಲಿ ಒಂದು ಹನಿ ಕಾಣಲ್ಲ. ಕಾರಣ ಎರಡು. ಒಂದು, ಬೆಳಕು ನಿಮ್ಮ ಕಡೆಯಿಂದ ಮಳೆಯ ಮೇಲೆ ಬೀಳುತ್ತಿದೆ. ಹನಿ ಹೊಳೆಯುವುದು ಬೆಳಕು ಅದರ ಹಿಂದಿನಿಂದ ಬಂದಾಗ. ಎರಡು, ಹಿನ್ನೆಲೆ ಬಿಳಿ ಆಕಾಶ. ಬಿಳಿಯ ಮೇಲೆ ಬಿಳಿ ಗೆರೆ ಹೇಗೆ ಕಾಣಬೇಕು?

ಹಾಗಾಗಿ ಹೀಗೆ ಮಾಡಿ. ಅಂಗಳದಲ್ಲಿ ನಿಂತು ಒಂದು ಸುತ್ತು ತಿರುಗಿ, ಕಪ್ಪಾಗಿ ಕಾಣುವ ಹಿನ್ನೆಲೆ ಹುಡುಕಿ. ಅಡಿಕೆ ತೋಟದ ಒಳಗತ್ತಲು, ಕೊಟ್ಟಿಗೆಯ ಬಾಗಿಲು, ಮಳೆಗೆ ಕಪ್ಪಾದ ಮಣ್ಣಿನ ಗೋಡೆ, ಯಾವುದಾದರೂ ಆಗುತ್ತದೆ. ಆ ಕಪ್ಪಿನ ಮುಂದೆ, ಚೌಕಟ್ಟಿನಿಂದ ಸ್ವಲ್ಪ ಆಚೆ, ನಟರ ಹಿಂದೆ ಪಕ್ಕಕ್ಕೆ ಒಂದು ಬ್ಯಾಟರಿಯ ಎಲ್‌ಇಡಿ ದೀಪ ಇಡಿ, ಕ್ಯಾಮೆರಾ ಕಡೆ ಮುಖ ಮಾಡಿ. ಅದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿರಿ. ಕರೆಂಟಿನ ವೈರ್ ಎಳೆದು ಮಳೆಯಲ್ಲಿ ದೀಪ ಇಡುವುದು ಬೇಡವೇ ಬೇಡ. ಈಗ ನೋಡಿ, ಪ್ರತಿ ಹನಿಯೂ ಬೆಳ್ಳಿ ಗೆರೆ. ಮಳೆ ಸಾಲದಿದ್ದರೆ ಸೂರಂಚಿನಿಂದ ಇಳಿಯುವ ನೀರಿನ ಹಿಂದೆ ನಟರನ್ನು ನಿಲ್ಲಿಸಿ. ಅದು ದಪ್ಪ ಧಾರೆ, ಸುಲಭಕ್ಕೆ ಕಾಣುತ್ತದೆ. ಮಳೆ ನಿಂತೇ ಹೋದರೆ ಕ್ಲೋಸ್‌ಅಪ್‌ಗೆ ಗಿಡಕ್ಕೆ ನೀರು ಹಾಕುವ ಡಬ್ಬಿ ಸಾಕು.

ಮಂಜಿಗೆ ಇದರ ಉಲ್ಟಾ ತೊಂದರೆ. ಫೋನ್ ಬಿಳಿ ಮಂಜನ್ನು ನೋಡಿ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಬೂದಿ ಬಣ್ಣಕ್ಕೆ ತರುತ್ತದೆ. ಎಕ್ಸ್‌ಪೋಷರ್ ಒಂದು ಗೀಟು ಏರಿಸಿ. ತೋಟದೊಳಗೆ ಶೂಟ್ ಮಾಡಿದರೆ ಎಲೆಗಳ ಹಸಿರು ಮುಖಕ್ಕೆ ಬಡಿದು ನಟರಿಗೆ ಕಾಮಾಲೆ ಬಂದ ಹಾಗೆ ಕಾಣುತ್ತದೆ. ಮುಖದ ಹತ್ತಿರ ಬಿಳಿ ಬಟ್ಟೆ ಹಿಡಿದರೆ ಎಷ್ಟೋ ಸರಿಹೋಗುತ್ತದೆ. ಬಿಸಿಲಿನ ದಿನ ಮಧ್ಯಾಹ್ನ ತೋಟಕ್ಕೆ ಕ್ಯಾಮೆರಾ ಒಯ್ಯಬೇಡಿ. ಸೋಗೆ ಸಂದಿಯ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದು ಯಾರೂ ಚೆಂದ ಕಾಣಲ್ಲ.

ಐದನೇ ಸಲ: ಸುಮ್ನೆ ನೋಡಿ

ಕೊನೆಯದು ನೋಡಲು ಸುಲಭ, ಮಾಡಲು ಕಷ್ಟ. ಕ್ಯಾಮೆರಾ ಕಣ್ಣಿನ ಎತ್ತರಕ್ಕೆ. ಸಂಗೀತ ಇಲ್ಲ. ಇರುವ ಬೆಳಕೇ ಬೆಳಕು. ಇಡೀ ಘಟನೆ ಒಂದೋ ಎರಡೋ ಉದ್ದನೆಯ ಶಾಟ್‌ನಲ್ಲಿ. ಹುಡುಗ ತಟ್ಟುತ್ತಾನೆ. ಯಾರೂ ಬರಲ್ಲ. ಅವನು ಕಾಲಿನ ಇಂಬಳ ಕಿತ್ತು ಎಸೆಯುತ್ತಾನೆ. ಮತ್ತೆ ತಟ್ಟುತ್ತಾನೆ. ಒಳಗೆ ಬಚ್ಚಲ ಒಲೆಗೆ ಸೌದೆ ತುರುಕುವ ಸದ್ದು ನಿಂತು, ಹೆಜ್ಜೆ ಸದ್ದು ಬರುತ್ತದೆ. ಕೆಲಸದ ನಡುವೆ ಎದ್ದು ಬಂದವರು ಬಾಗಿಲು ತೆಗೆಯುವ ರೀತಿಯೇ ಬೇರೆ, ಸೆರಗಿಗೆ ಕೈ ಒರೆಸಿಕೊಂಡು ಬರುತ್ತಾರೆ. ನಟಿಗೆ ಇದನ್ನು ಹೇಳಿಕೊಡಬೇಡಿ, ನಿಜಕ್ಕೂ ಒಲೆ ಮುಂದೆ ಕೂರಿಸಿ.

ಈ ದಾರಿ ಮಲೆನಾಡಿಗೆ ಹೊಸದಲ್ಲ. ಮೇಳಿಗೆಯ ಅನಂತಮೂರ್ತಿಯವರ ಕಾದಂಬರಿ ‘ಸಂಸ್ಕಾರ’ 1970ರಲ್ಲಿ ಸಿನಿಮಾ ಆದಾಗ ಚಿತ್ರೀಕರಣ ನಡೆದದ್ದು ಶೃಂಗೇರಿ ಹತ್ತಿರದ ಹಳ್ಳಿಯಲ್ಲಿ. ಅವರದೇ ಕಥೆಯಿಂದ ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ್ ಕಾಸರವಳ್ಳಿ ಮಾಡಿದ ‘ಘಟಶ್ರಾದ್ಧ’ 1977ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆಯಿತು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಊರವರಿಗೆ ಜಗತ್ತಿನ ಸಿನಿಮಾ ತೋರಿಸಿತ್ತು. ‘ಘಟಶ್ರಾದ್ಧ’ವನ್ನು ಒಮ್ಮೆ ಸದ್ದು ತೆಗೆದು ನೋಡಿ. ಜನ ಬಾಗಿಲಲ್ಲಿ, ಕಂಬದ ಮರೆಯಲ್ಲಿ ಎಲ್ಲಿ ನಿಲ್ಲುತ್ತಾರೆ ಅನ್ನುವುದರ ಮೇಲೆ ಮಾತ್ರ ಕಣ್ಣಿಡಿ.

ಸದ್ದಿನ ವಿಷಯ

ಚಿತ್ರ ಸ್ವಲ್ಪ ಹದಗೆಟ್ಟರೂ ಜನ ನೋಡುತ್ತಾರೆ. ಸದ್ದು ಕೆಟ್ಟರೆ ಎದ್ದು ಹೋಗುತ್ತಾರೆ. ಹಿಂದೊಮ್ಮೆ ನಾನು ಇಂಥದೇ ಜಗಲಿಯಲ್ಲಿ ಒಂದು ಮಾತಿನ ಸೀನು ತೆಗೆದೆ. ಅಜ್ಜಿಯ ಶಾಟ್‌ಗಳು ನಾಲ್ಕೂವರೆಗೆ ಮುಗಿದವು. ಕಾಫಿ ಕುಡಿದು, ಹುಡುಗನ ಶಾಟ್ ಶುರು ಮಾಡುವಾಗ ಆರು ಕಾಲು. ಅಷ್ಟರಲ್ಲಿ ಜೀರುಂಡೆ ಹಿಡಿದಿತ್ತು. ಅಲ್ಲಿ ಯಾರ ಕಿವಿಗೂ ಅದು ಬೀಳಲಿಲ್ಲ, ದಿನಾ ಕೇಳುವ ಸದ್ದು ನೋಡಿ. ಎಡಿಟ್ ಮಾಡಿದರೆ ಅಜ್ಜಿ ಮಾತಾಡುವಾಗ ಊರೆಲ್ಲ ಸುಮ್ನೆ, ಹುಡುಗ ಬಾಯಿ ಬಿಟ್ಟ ಕೂಡಲೇ ಕಿರ್ರೋ ಅಂತ ಕಾಡೇ ಎದ್ದು ಬರುತ್ತದೆ. ಮತ್ತೆ ಅಜ್ಜಿ, ಮತ್ತೆ ಸುಮ್ನೆ. ನೋಡಿದವರೆಲ್ಲ ನಕ್ಕರು. ಅದು ಸಾವಿನ ಸುದ್ದಿ ಹೇಳುವ ಸೀನು.

ಅದಕ್ಕೆ ಮದ್ದು ಸರಳ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡಿ. ಜೀರುಂಡೆ ಇದ್ದರೆ ಅದನ್ನೂ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ. ಎಡಿಟ್‌ನಲ್ಲಿ ಅದನ್ನು ಇಡೀ ಸೀನಿನ ಕೆಳಗೆ ಹಾಸಿದರೆ ಕಟ್ ಗೊತ್ತಾಗಲ್ಲ. ಹೆಂಚಿನ ಮೇಲಿನ ಮಳೆ ಬೇರೆ, ತಗಡಿನ ಶೀಟಿನ ಮೇಲಿನ ಮಳೆ ಬೇರೆ, ಬಾಳೆ ಎಲೆ ಮೇಲಿನದು ಇನ್ನೂ ಬೇರೆ. ಮೂರನ್ನೂ ರೆಕಾರ್ಡ್ ಮಾಡಿಟ್ಟುಕೊಂಡರೆ ವರ್ಷವಿಡೀ ಕೆಲಸಕ್ಕೆ ಬರುತ್ತದೆ. ಜೋರು ಮಳೆಯಲ್ಲಿ ಮಾತು ರೆಕಾರ್ಡ್ ಮಾಡಲು ಮಾತ್ರ ಹೋಗಬೇಡಿ.

ಮಾತು ಬೇಕಿದ್ದರೆ ಎರಡನೇ ಫೋನನ್ನು ನಟರ ಜೇಬಿಗೆ ಹಾಕಿ, ಇಲ್ಲವೇ ಕಾಲರ್ ಮೈಕ್ ಹಚ್ಚಿ. ಶಾಟ್ ಶುರುವಿಗೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ. ಕೈ ಸೇರಿದ ಫ್ರೇಮು, ಸದ್ದಿನ ಗೆರೆ ಎದ್ದ ಜಾಗ, ಎರಡನ್ನೂ ಹೊಂದಿಸಿದರೆ ಚಿತ್ರಕ್ಕೂ ಸದ್ದಿಗೂ ತಾಳೆ ಕೂರುತ್ತದೆ.

ಶೂಟಿಂಗ್ ದಿನ

ಶಾಟ್ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ. ಕಥೆಯ ಕ್ರಮದಲ್ಲಿ ತೆಗೆಯಬೇಕಿಲ್ಲ. ಮಳೆ ಇರುವಾಗ ಅಗಲ ಶಾಟ್‌ಗಳನ್ನು ಮುಗಿಸಿ, ನಿಂತ ಮೇಲೆ ಜಗಲಿ ಮತ್ತು ಒಳಗಿನವು. ಒಂದು ದಿಕ್ಕಿಗೆ ನೋಡುವ ಶಾಟ್ ಎಲ್ಲ ಒಟ್ಟಿಗೆ ತೆಗೆದು, ಆಮೇಲೆ ಇನ್ನೊಂದು ದಿಕ್ಕಿಗೆ ತಿರುಗಿ. ಪ್ರತಿ ಟೇಕ್ ಮುಗಿದ ಮೇಲೆ ನಟನ ಒಂದು ಫೋಟೋ ತೆಗೆದಿಡಿ. ಅಂಗಿ ಎಷ್ಟು ಒದ್ದೆ, ಕೊಡೆ ಯಾವ ಕೈಯಲ್ಲಿ, ಪ್ಯಾಂಟ್ ಎಷ್ಟು ಮಡಚಿತ್ತು? ನೆನಪಿನ ಮೇಲೆ ಬಿಟ್ಟರೆ ಒಣಗಿದ ಹುಡುಗ ಹೊಸಿಲು ದಾಟಿದ ಕೂಡಲೇ ಒದ್ದೆಯಾಗುತ್ತಾನೆ.

ಬಿಸಿ ಅಡುಗೆಮನೆಗೆ ತಣ್ಣಗಿನ ಫೋನ್ ಒಯ್ದರೆ ಲೆನ್ಸ್ ಮಂಜಾಗುತ್ತದೆ. ಹತ್ತು ನಿಮಿಷ ಅಲ್ಲೇ ಬಿಟ್ಟು ಆಮೇಲೆ ಒರೆಸಿ. ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಚೀಲದಲ್ಲಿಟ್ಟುಕೊಳ್ಳಿ.

ಮನೆಯವರ ಒಪ್ಪಿಗೆ ಮೊದಲೇ ಕೇಳಿ, ಎಷ್ಟು ಹೊತ್ತು ಆಗುತ್ತದೆ ಅಂತ ನಿಜ ಹೇಳಿ. ಕಾಡಿನೊಳಗೆ ಶೂಟ್ ಮಾಡುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಡ್ರೋನ್ ತರುವ ಗೆಳೆಯನಿದ್ದರೆ, ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ಸುತ್ತ ಮತ್ತು ಅಣೆಕಟ್ಟೆಗಳ ಹತ್ತಿರ ಹಾರಿಸುವ ಮುಂಚೆ ನಿಯಮ ನೋಡಿಕೊಳ್ಳಲು ಹೇಳಿ. ಈ ಅಭ್ಯಾಸಕ್ಕಂತೂ ಡ್ರೋನ್ ಬೇಕೇ ಇಲ್ಲ.

ಕತ್ತರಿಸುವಾಗ

ಫೋನಿನಲ್ಲಾದರೆ ಕೈನ್‌ಮಾಸ್ಟರ್, ಕಂಪ್ಯೂಟರಿನಲ್ಲಾದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಕೈ ಎತ್ತುವಾಗ, ತಿರುಗುವಾಗ, ಅಂದರೆ ಚಲನೆಯ ನಡುವೆ ಕಟ್ ಮಾಡಿ, ಕಟ್ ಮರೆಯಾಗುತ್ತದೆ. ಬಾಗಿಲು ತಟ್ಟುವ ಸದ್ದನ್ನು ಚಿತ್ರಕ್ಕಿಂತ ಒಂದು ಸೆಕೆಂಡ್ ಮೊದಲೇ, ದೊಡ್ಡಮ್ಮನ ಮುಖದ ಮೇಲೆ ಕೇಳಿಸಿ. ಆಮೇಲೆ ಬಾಗಿಲು ತೋರ‍ಿಸಿ.

ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ನಿರ್ದೇಶಕ ಒಬ್ಬ ನಟನ ಭಾವನೆಯೇ ಇಲ್ಲದ ಮುಖದ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆ ಜೊತೆ, ಒಮ್ಮೆ ಹೆಂಗಸಿನ ಜೊತೆ ಜೋಡಿಸಿದ. ಮುಖ ಒಂದೇ. ನೋಡಿದವರಿಗೆ ಮಾತ್ರ ಹಸಿವು, ದುಃಖ, ಆಸೆ ಬೇರೆ ಬೇರೆಯಾಗಿ ಕಂಡವು. ನೀವೂ ಮಾಡಿ. ದೊಡ್ಡಮ್ಮನ ಸುಮ್ಮನಿರುವ ಮುಖದ ಒಂದು ಶಾಟ್ ತೆಗೆದಿಟ್ಟುಕೊಳ್ಳಿ. ಅದರ ಪಕ್ಕ ಒಮ್ಮೆ ಜಗಲಿ ಮೇಲೆ ಕೆಸರು ಮಾಡಿದ ಹುಡುಗನ ಚಪ್ಪಲಿ, ಇನ್ನೊಮ್ಮೆ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ಇಡಿ.

ಐದೂ ಮುಗಿದ ಮೇಲೆ ಹೆಸರು ಹಾಕದೆ, ತಂಡದಲ್ಲಿ ಇಲ್ಲದವರಿಗೆ ತೋರಿಸಿ. ಯಾವುದು ಯಾವ ಥರದ್ದು ಅಂತ ಅವರೇ ಹೇಳಬೇಕು. ನಮ್ಮವನ್ನು ಮೊದಲು ನೋಡಿದ್ದು ಆ ದೊಡ್ಡಮ್ಮನೇ. ಹಾರರ್ ನೋಡಿ, "ಈ ಮನೇಲಿ ಒಬ್ಳೇ ಹೇಗಿರ್ತಾಳೋ ಆ ಮುದುಕಿ" ಅಂದರು. ಮನೆ ಅವರದೇ, ಮುದುಕಿಯೂ ಅವರೇ. ಕಾಮಿಡಿಗೆ ಮಾತ್ರ ನಗಲಿಲ್ಲ. "ಪಾಪ, ಹುಡುಗಂಗೆ ಶೀತ ಆಗ್ತದೆ" ಅಂದು ಎದ್ದು ಕಷಾಯ ಮಾಡಲು ಹೋದರು. ವಾಪಸ್ ಎಡಿಟ್‌ಗೆ ಹೋಗಿ ನೋಡಿದರೆ, ಸೂರಿನ ನೀರು ಬಿದ್ದ ಮೇಲೆ ಹುಡುಗರು ಅವನ ಮುಖಕ್ಕೆ ಕ್ಲೋಸ್‌ಅಪ್ ಹಾಕಿದ್ದರು, ಮೂರು ಸೆಕೆಂಡ್. ಅದನ್ನು ಕಿತ್ತು ಲಾಂಗ್ ಶಾಟನ್ನೇ ಮುಂದುವರಿಸಿ ಮತ್ತೆ ತೋರಿಸಿದೆವು. ಈ ಸಲ ಕಷಾಯದ ಲೋಟ ಕೈಯಲ್ಲಿ ಹಿಡಿದುಕೊಂಡೇ ನಕ್ಕರು.